ಎರಡು ಗೇಣು ಮುಂದೆ

ಹಾಸನದ ಹೊರವಲಯದ ಬೂವನಹಳ್ಳಿಯಲ್ಲಿ ವರ್ಷಗಟ್ಟಲೆ ನಿಂತುಹೋಗಿದ್ದ ವಿಮಾನ ನಿಲ್ದಾಣದ ಕಾಮಗಾರಿ 2021ರಲ್ಲಿ ಮತ್ತೆ ಆರಂಭವಾದ ಮೇಲೆ, 1970 ಮತ್ತು 1980ರ ದಶಕಗಳಲ್ಲಿ ಆ ಸೀಮೆಯಲ್ಲಿ ಬೆಳೆದವರಿಗೆ ಮರೆತೇಹೋಗಿದ್ದ ಒಂದು ಅಭ್ಯಾಸ ನೆನಪಿಗೆ ಬರತೊಡಗಿದೆ. ಅದು ತಲೆಯ ಮೇಲೆ ಹಾದುಹೋಗುವ ವಿಮಾನವನ್ನು ಹುಡುಕಿ, ಕಂಡು, ಕಣ್ಮರೆಯಾಗುವವರೆಗೂ ಬಿಡದೆ ನೋಡುವ ಅಭ್ಯಾಸ. ಇಂಗ್ಲೆಂಡಿನಂಥ ದೇಶಗಳಲ್ಲಿ ವಿಮಾನ ವೀಕ್ಷಣೆ ಎಂಬುದು ಬಹಳ ಹಿಂದೆಯೇ ಒಂದು ವ್ಯವಸ್ಥಿತ ಹವ್ಯಾಸವಾಗಿ ಬೆಳೆದಿದೆ. ಅಲ್ಲಿನವರು ನಿಲ್ದಾಣದ ಬೇಲಿಯಾಚೆ ನಿಂತು, ಇಳಿಯುವ ಮತ್ತು ಏರುವ ವಿಮಾನಗಳ ಮಾದರಿಯನ್ನೂ ಬಾಲದ ಬಳಿ ಬರೆದಿರುವ ನೋಂದಣಿ ಅಕ್ಷರಗಳನ್ನೂ ಪುಸ್ತಕದಲ್ಲಿ ದಾಖಲಿಸಿಕೊಳ್ಳುತ್ತಾರೆ. ಭಾರತದ ವಿಮಾನಗಳಾದರೆ ಆ ಅಕ್ಷರಗಳು ಬ್ರಿಟಿಷರ ಕಾಲದಿಂದಲೂ 'ವಿಟಿ' ಎಂದೇ ಶುರುವಾಗುತ್ತವೆ. ಆದರೆ ಹಾಗೆ ನೋಡುವುದಕ್ಕೆ ಮೊದಲು ಒಂದು ನಿಲ್ದಾಣವಿರಬೇಕು, ಹಾಸನ ಜಿಲ್ಲೆಯಲ್ಲಿ ಅದಿರಲಿಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹುಡುಗರು ವಿಮಾನದ ಬಾಲದ ಅಕ್ಷರವನ್ನಿರಲಿ, ಅದರ ಬಣ್ಣವನ್ನೂ ಸರಿಯಾಗಿ ಕಂಡವರಲ್ಲ. ಆದರೂ ಅವರಲ್ಲಿ ಒಂದು ನೋಡುವ ವಿದ್ಯೆ ಬೆಳೆದಿತ್ತು, ಮತ್ತು ಅದು ತನ್ನ ಮಟ್ಟಿಗೆ ಕರಾರುವಾಕ್ಕಾಗಿತ್ತು.

ಈ ವಿದ್ಯೆಗೆ ಆಧಾರವಾಗಿದ್ದುದು ಭೂಗೋಳ. ಚೆನ್ನೈ, ಬೆಂಗಳೂರು, ಹಾಸನ, ಮಂಗಳೂರು ಈ ನಾಲ್ಕೂ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದ ಮೇಲೆ, ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿವೆ. ಬೆಂಗಳೂರಿನಿಂದ ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ಹಾದು ಘಟ್ಟ ಇಳಿದು ಮಂಗಳೂರಿಗೆ ಹೋಗುವ ಹೆದ್ದಾರಿ ಅಂಕುಡೊಂಕಾದರೂ ಒಟ್ಟಿನಲ್ಲಿ ಇದೇ ಗೆರೆಯನ್ನು ಹಿಡಿದು ಸಾಗುತ್ತದೆ, ಮೇಲಿನ ವಿಮಾನವಂತೂ ಅಂಕುಡೊಂಕಿನ ಹಂಗಿಲ್ಲದೆ ಸಾಗುತ್ತದೆ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಅವರಿದ್ದ ಡಕೋಟಾ ವಿಮಾನ ಬಜ್ಪೆಯಲ್ಲಿ ಇಳಿದು ಮಂಗಳೂರಿನ ನಿಲ್ದಾಣ ಶುರುವಾದ ಮೇಲೆ, ಪೂರ್ವದಲ್ಲಿ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವೂ ಪಶ್ಚಿಮದಲ್ಲಿ ಬಜ್ಪೆಯೂ ಹಾಸನದವರ ಆಕಾಶದ ಎರಡು ತುದಿಗಳಾದವು. ಈ ಎರಡರ ನಡುವೆ ಓಡಾಡುವ ವಿಮಾನಗಳಲ್ಲದೆ, ಆಗ ಮದ್ರಾಸಾಗಿದ್ದ ಚೆನ್ನೈ ಕಡೆಯಿಂದ ಅರಬ್ಬೀ ಸಮುದ್ರ ದಾಟಿ ಹೋಗುವ ದೊಡ್ಡ ವಿಮಾನಗಳೂ ಬಲು ಎತ್ತರದಲ್ಲಿ ಕಾಣುತ್ತಿದ್ದವು. ಎಲ್ಲವೂ ಹಾಯುತ್ತಿದ್ದವು, ಯಾವುದೂ ಇಳಿಯುತ್ತಿರಲಿಲ್ಲ.

ಮಳೆಗಾಲದಲ್ಲಿ ಮೋಡದ ಮೇಲಿನಿಂದ ಬರೀ ಸದ್ದು ಕೇಳಿಸುತ್ತಿತ್ತು. ದೀಪಾವಳಿ ಕಳೆದು ರಾಗಿ ಕೊಯ್ಲಾಗಿ, ಮೆದೆ ಒಟ್ಟಿ, ಕಣ ಮಾಡಿ, ರೋಣಗಲ್ಲು ಹೊಡೆಯುವ ದಿನಗಳು ಬಂದರೆ ಆಕಾಶ ತಿಳಿಯಾಗುತ್ತಿತ್ತು. ಆ ಕಾಲದಲ್ಲಿ ಮಕ್ಕಳೂ ದೊಡ್ಡವರೂ ಇಡೀ ದಿನ ಬಯಲಿನಲ್ಲೇ ಇರುತ್ತಿದ್ದುದರಿಂದ ವಿಮಾನ ನೋಡುವುದಕ್ಕೂ ಅದೇ ಹಂಗಾಮು. ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವಣ ಒಂದು ಹಳ್ಳಿಯಲ್ಲಿ, ಪ್ರಸ್ತುತ ಲೇಖಕ ಬಾಲ್ಯ ಕಳೆದ ಕೇರಿಯಲ್ಲಿ, ಈ ವಿದ್ಯೆಗೆ ಒಬ್ಬ ಗುರುವಿದ್ದರು. ಅವರು ಜಾಲಹಳ್ಳಿಯಲ್ಲಿ ತರಬೇತಿ ಪಡೆದು, ವಾಯುಪಡೆಯಲ್ಲಿ ಫಿಟ್ಟರ್ ಆಗಿ ದುಡಿದು, ಪಿಂಚಣಿ ತೆಗೆದುಕೊಂಡು ಊರಿಗೆ ಮರಳಿದವರು. ಊರಿನವರು ಅವರನ್ನು ಮಿಲ್ಟ್ರಿ ಅಣ್ಣಯ್ಯ ಎನ್ನುತ್ತಿದ್ದರು, ಮಕ್ಕಳಿಗೆ ಅವರು ಮಿಲ್ಟ್ರಿ ತಾತ. ಬೆಳಗ್ಗೆ ಎದ್ದು ಗಡ್ಡ ಹೆರೆದುಕೊಳ್ಳದೆ ಮನೆಯಿಂದ ಹೊರಗೆ ಕಾಲಿಡದ ಆ ಮನುಷ್ಯ ಜಗಲಿಯ ಮೇಲೆ ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನಿಟ್ಟುಕೊಂಡು, ಹಾದುಹೋದ ವಿಮಾನದ ಹೊತ್ತು, ಅದು ಬಂದ ದಿಕ್ಕು, ಸದ್ದಿನ ಬಗೆ ಇವನ್ನು ಇಂಕಿನಲ್ಲಿ ಬರೆದಿಡುತ್ತಿದ್ದರು. ಅದನ್ನು ಯಾರಿಗಾಗಿ ಬರೆಯುತ್ತಿದ್ದರೆಂದು ಅವರನ್ನು ಕೇಳಿದವರಿಲ್ಲ.

ಸದ್ದು ಕೇಳಿದೊಡನೆ ಮಕ್ಕಳೆಲ್ಲ "ಇಮಾನ, ಇಮಾನ" ಎಂದು ಕೂಗಿ ಸದ್ದು ಬಂದ ಕಡೆಗೆ ಕತ್ತೆತ್ತುತ್ತಿದ್ದರು, ಅಲ್ಲಿ ಏನೂ ಇರುತ್ತಿರಲಿಲ್ಲ. ಆಗ ಆ ಹಿರಿಯರು ಹುಡುಗನೊಬ್ಬನ ಕೈಯನ್ನು ಹಿಡಿದು ಪೂರ್ತಿ ಚಾಚಿಸಿ, ಬೆರಳುಗಳನ್ನು ಅಗಲಿಸಿ, ಹೆಬ್ಬೆರಳಿನ ತುದಿಯನ್ನು ಸದ್ದು ಬರುತ್ತಿದ್ದ ಜಾಗಕ್ಕೆ ಗುರಿಯಿಟ್ಟು ಹೇಳುತ್ತಿದ್ದರು: "ಸದ್ದು ಬಂದ್ ಕಡೆ ನೋಡ್ಬೇಡ ಕಣ್ಲಾ. ಫ್ಯಾನ್ ತಿರುಗೋದಾದ್ರೆ ಒಂದ್ ಗೇಣು ಮುಂದ್ಕೆ ನೋಡು, ಜೆಟ್ಟಾದ್ರೆ ಎರಡು ಗೇಣು." ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗಿನ ಅಳತೆಯೇ ಗೇಣು. ಹಾಗೆ ಅಳೆದು ನೋಡಿದರೆ ನೀಲಿಯಲ್ಲಿ ಬೆಳ್ಳಗೆ ಮಿನುಗುವ ಒಂದು ಚೂರು ಸಿಕ್ಕೇಸಿಗುತ್ತಿತ್ತು. ಎಣ್ಣೆ ಮತ್ತು ಬೀಡಿಯ ವಾಸನೆಯ ಆ ಒರಟು ಕೈ ತನ್ನ ಮಣಿಕಟ್ಟನ್ನು ಹಿಡಿದು ತಿರುಗಿಸಿದ ರೀತಿ, ಆಗ ಎಂಟೊಂಬತ್ತು ವರ್ಷದವನಾಗಿದ್ದ ಲೇಖಕನಿಗೆ ಇಂದಿಗೂ ನೆನಪಿದೆ.

ಈ ಗೇಣಿನ ಲೆಕ್ಕ ಎಷ್ಟು ಸರಿಯಾಗಿತ್ತೆಂಬುದು ಅರ್ಥವಾಗಲು ಲೇಖಕ ಕಾಲೇಜಿನಲ್ಲಿ ಭೌತಶಾಸ್ತ್ರ ಓದಬೇಕಾಯಿತು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 300ರಿಂದ 340 ಮೀಟರ್ ದೂರ ಸಾಗುತ್ತದೆ. ಆದ್ದರಿಂದ 11 ಕಿಲೋಮೀಟರ್ ಎತ್ತರದಲ್ಲಿ ಹಾರುವ ಜೆಟ್ ವಿಮಾನದ ಸದ್ದು ನೆಲಕ್ಕೆ ಇಳಿಯುವುದಕ್ಕೆ ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು, ಆ ಹೊತ್ತಿನಲ್ಲಿ ಸೆಕೆಂಡಿಗೆ ಸುಮಾರು 250 ಮೀಟರ್ ವೇಗದ ವಿಮಾನ ಎಂಟೊಂಬತ್ತು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ನೆಲದಲ್ಲಿ ನಿಂತವನ ಕಣ್ಣಿಗೆ ಈ ಅಂತರ ಸುಮಾರು 40 ಡಿಗ್ರಿಯ ಕೋನವಾಗಿ ಕಾಣುತ್ತದೆ. ಚಾಚಿದ ಕೈಯ ಒಂದು ಗೇಣು ಹೆಚ್ಚುಕಡಿಮೆ 20 ಡಿಗ್ರಿ, ಹಾಗಾಗಿ ಎರಡು ಗೇಣು. ನೆತ್ತಿಯ ಮೇಲೆ ಹಾಯುವ ವಿಮಾನದ ಮಟ್ಟಿಗೆ ಈ ಕೋನ ಎತ್ತರವನ್ನು ಅವಲಂಬಿಸದೆ, ವಿಮಾನದ ವೇಗಕ್ಕೂ ಶಬ್ದದ ವೇಗಕ್ಕೂ ಇರುವ ಅನುಪಾತವನ್ನಷ್ಟೇ ಅವಲಂಬಿಸುವುದರಿಂದ, ಜೆಟ್ಟಿನ ಅರ್ಧದಷ್ಟೇ ವೇಗವಿದ್ದ, ಫ್ಯಾನು ತಿರುಗಿಸುತ್ತ ಹಾರುವ ಆವ್ರೋದಂಥ ವಿಮಾನಕ್ಕೆ ಒಂದೇ ಗೇಣು ಸಾಕಾಗುತ್ತಿತ್ತು. ಮಿಲ್ಟ್ರಿ ತಾತನಿಗೆ ಈ ಕೋನದ ಗಣಿತ ತಿಳಿದಿತ್ತೋ, ಅಥವಾ ವಾಯುಪಡೆಯ ಯಾವುದೋ ಮೈದಾನದಲ್ಲಿ ಕತ್ತೆತ್ತಿ ನಿಂತು ರೂಢಿಯಿಂದ ಕಂಡುಕೊಂಡದ್ದೋ, ಎರಡರಲ್ಲಿ ಯಾವುದಾದರೂ ಅದು ದೊಡ್ಡ ಮಾತೇ.

ವಿಮಾನದ ಹಿಂದೆ ಬಿಳಿಯ ಗೆರೆ ಮೂಡುವುದನ್ನೂ ಅವರು ಓದುತ್ತಿದ್ದರು. ಎಂಜಿನಿನಲ್ಲಿ ಇಂಧನ ಉರಿದಾಗ ಹೊರಬೀಳುವ ನೀರಾವಿ, ಸೊನ್ನೆಗಿಂತ 40 ಡಿಗ್ರಿಯಷ್ಟು ಕೆಳಗಿನ ಚಳಿಯಿರುವ ಎತ್ತರದಲ್ಲಿ ಕ್ಷಣಮಾತ್ರದಲ್ಲಿ ಹಿಮದ ಕಣಗಳಾಗಿ ಆ ಗೆರೆ ಕಾಣಿಸುತ್ತದೆ. ಬೆಂಗಳೂರು ಮಂಗಳೂರಿನ ನಡುವೆ ಒಂದು ಗಂಟೆಯೊಳಗೆ ಏರಿ ಇಳಿಯಬೇಕಾದ ವಿಮಾನಗಳು ಅಷ್ಟು ಎತ್ತರಕ್ಕೆ ಹೋಗದೆ ಗೆರೆಯಿಲ್ಲದೆ ಹಾಯುತ್ತಿದ್ದವು, ಗೆರೆ ಎಳೆದದ್ದು ದೂರದ ದೇಶಕ್ಕೆ ಹೋಗುವ ವಿಮಾನವೆಂದು ಮಕ್ಕಳು ಕೂಡಲೇ ಹೇಳುತ್ತಿದ್ದರು. ಮೇಲಿನ ಗಾಳಿ ಒಣಗಿದ್ದರೆ ಗೆರೆ ಬೇಗ ಅಳಿಸಿಹೋಗುತ್ತದೆ, ತೇವವಿದ್ದರೆ ಬಹಳ ಹೊತ್ತು ನಿಂತು ಹಿಂಜಿದ ಅರಳೆಯಂತೆ ಅಗಲವಾಗುತ್ತದೆ. ಗೆರೆ ನಿಂತ ದಿನ ಕಣದಲ್ಲಿದ್ದ ರಾಶಿಯನ್ನು ಸಂಜೆಯೊಳಗೆ ತುಂಬಿಕೊಳ್ಳಿ ಎಂದು ಅವರು ಹೇಳುತ್ತಿದ್ದುದನ್ನು ಊರಿನ ಕೆಲವರಾದರೂ ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದರು. ರಾತ್ರಿಯ ಪಾಠ ಬೇರೆ. ವಿಮಾನದ ಎಡರೆಕ್ಕೆಯ ತುದಿಗೆ ಕೆಂಪು ದೀಪ, ಬಲರೆಕ್ಕೆಯ ತುದಿಗೆ ಹಸಿರು ದೀಪ ಇರುತ್ತವೆ. ಕೆಂಪು ಯಾವ ಕಡೆ ಕಂಡಿತೆಂಬುದರಿಂದ ಅದು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯಬಹುದಿತ್ತು. ಮಿಣುಕದೆ ಸಮನಾಗಿ ಸಾಗುವ ಚುಕ್ಕಿ ಕಂಡರೆ ಅದು ವಿಮಾನವಲ್ಲ, ಭೂಮಿಯನ್ನು ಸುತ್ತುವ ಕೃತಕ ಉಪಗ್ರಹ.

ಈ ನೆನಪನ್ನು ಬರೀ ಅಕ್ಕರೆಯಿಂದ ಬರೆದು ಮುಗಿಸುವುದು ನ್ಯಾಯವಲ್ಲ. ಆಕಾಶ ಎಲ್ಲರದ್ದಾಗಿತ್ತು, ಆದರೆ ಜಗಲಿ ಎಲ್ಲರದ್ದಾಗಿರಲಿಲ್ಲ. ಕೆಳಗಿನ ಕೇರಿಯ ಮಕ್ಕಳು ಬೀದಿಯಲ್ಲೇ ನಿಂತು ನೋಡಬೇಕಿತ್ತು, ಗೇಣಿನ ಪಾಠ ಕಲಿಸಲು ಯಾರೂ ಅವರ ಮಣಿಕಟ್ಟನ್ನು ಹಿಡಿದದ್ದಿಲ್ಲ. ಅವರಲ್ಲೊಬ್ಬ ಹುಡುಗ ಎಲ್ಲರಿಗಿಂತ ಮೊದಲು ಸದ್ದನ್ನು ಕೇಳಿಸಿಕೊಳ್ಳುತ್ತಿದ್ದ. ದನ ಮೇಯಿಸುತ್ತ ಬಯಲಿನಲ್ಲಿ ಬೆಳೆದ ಅವನ ಕಿವಿಗೆ ಜಗಲಿಯವರಿಗೆ ಇನ್ನೂ ಏನೂ ಕೇಳದ ಹೊತ್ತಿಗೇ ವಿಮಾನ ಮುಟ್ಟಿರುತ್ತಿತ್ತು, ಅವನು ಕೈಯೆತ್ತಿದನೆಂದರೆ ಉಳಿದವರು ಕಿವಿಗೊಡುತ್ತಿದ್ದರು. ಮೊದಲು ಕಂಡವರ ಹೆಸರನ್ನೂ ಆ ಲೆಕ್ಕದ ಪುಸ್ತಕದಲ್ಲಿ ಬರೆಯುವ ಪದ್ಧತಿಯಿತ್ತು. ಅವನ ಹೆಸರು ಅದರಲ್ಲಿ ಬರಲಿಲ್ಲ, ಬರೆಯಬೇಕೆಂದು ಜಗಲಿಯ ಮೇಲೆ ಕುಳಿತ ಯಾವ ಹುಡುಗನೂ ಹೇಳಲಿಲ್ಲ. ಹೆಣ್ಣುಮಕ್ಕಳಿಗೂ ಈ ಪಾಠ ದೊರೆತದ್ದು ಕಡಿಮೆ, ಏಕೆಂದರೆ ವಿಮಾನ ಬಂದ ಹೊತ್ತಿಗೆ ಅವರ ಕೈಯಲ್ಲಿ ಒಂದು ಮೊರವೋ ಬಿಂದಿಗೆಯೋ ಇರುತ್ತಿತ್ತು. ಮಿಲ್ಟ್ರಿ ತಾತ ತಿಳಿದವರು, ಮಕ್ಕಳ ಮೇಲೆ ಅಪಾರ ಪ್ರೀತಿಯಿದ್ದವರು; ಅದೇ ಮನುಷ್ಯ ತನ್ನ ಜಗಲಿಯ ಮೆಟ್ಟಿಲಿನಲ್ಲಿ ಕೇರಿಯ ಗಡಿಯನ್ನು ಚಾಚೂ ತಪ್ಪದೆ ಕಾದವರು. ಈ ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅವರ ಚಿತ್ರ ಪೂರ್ಣವಾಗುವುದಿಲ್ಲ.

ನೆಲಕ್ಕಿಳಿಯುವ ಹಾರುವ ಯಂತ್ರವೆಂದರೆ ಆ ಸೀಮೆಗೆ ಹೆಲಿಕಾಪ್ಟರ್ ಒಂದೇ. 1981ರ ಫೆಬ್ರುವರಿಯಲ್ಲಿ, ಗೊಮ್ಮಟನ ಪ್ರತಿಷ್ಠಾಪನೆಗೆ ಸಾವಿರ ವರ್ಷ ತುಂಬಿದ ಸಂದರ್ಭದ ಮಹಾಮಸ್ತಕಾಭಿಷೇಕಕ್ಕೆ ಅಂದಿನ ಪ್ರಧಾನಿ ಇಂದಿರಾ ಗಾಂಧಿ ಬಂದು, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಹೆಲಿಕಾಪ್ಟರಿನಿಂದ ಹೂಮಳೆ ಸುರಿಸಿದರು. ಸುತ್ತಲಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು, ಬುತ್ತಿ ಹೊತ್ತುಕೊಂಡು ಹೋಗಿದ್ದವರು ಊರಿಗೆ ಮರಳಿದ ಮೇಲೆ ಅಭಿಷೇಕದ ಹಾಲು, ಅರಿಸಿನ, ಚಂದನಗಳ ಬಣ್ಣಗಳಷ್ಟೇ ವಿವರವಾಗಿ ಆ ಹೆಲಿಕಾಪ್ಟರ್ ಬೆಟ್ಟವನ್ನು ಸುತ್ತಿದ ಬಗೆಯನ್ನೂ ಹೇಳುತ್ತಿದ್ದರು. ಐವತ್ತೇಳು ಅಡಿಗೂ ಎತ್ತರದ, ನೋಡುವವರು ಯಾವಾಗಲೂ ಕತ್ತೆತ್ತಿಯೇ ನೋಡಬೇಕಾದ ಆ ಮೂರ್ತಿಗಿಂತ ಮೇಲೆ ಮನುಷ್ಯರು ಕುಳಿತ ಯಂತ್ರವೊಂದು ಹಾರಿತೆಂಬುದನ್ನು ಕೆಲವು ಹಿರಿಯರು ಒಪ್ಪಿಕೊಳ್ಳಲು ಕಷ್ಟಪಟ್ಟರು.

ಚುನಾವಣೆಯ ಹೆಲಿಕಾಪ್ಟರುಗಳು ಇನ್ನೂ ಹತ್ತಿರ ಬಂದವು. ಹಿಂದಿನ ದಿನವೇ ಊರಾಚೆಯ ಬಯಲನ್ನು ಸಮತಟ್ಟು ಮಾಡಿ, ಸುಣ್ಣದಲ್ಲಿ ದೊಡ್ಡ ವೃತ್ತ ಬರೆದು, ಅದರ ನಡುವೆ 'ಎಚ್' ಅಕ್ಷರ ಮೂಡಿಸಿ, ಧೂಳು ಏಳದಂತೆ ಟ್ಯಾಂಕರಿನಿಂದ ನೀರು ಹೊಡೆಯುತ್ತಿದ್ದರು. ಗಾಳಿ ಬೀಸುವ ದಿಕ್ಕು ಮೇಲಿನಿಂದ ತಿಳಿಯಲೆಂದು ಒಂದು ಮೂಲೆಯಲ್ಲಿ ಹಸಿಸೊಪ್ಪು ಹಾಕಿ ಹೊಗೆ ಎಬ್ಬಿಸುತ್ತಿದ್ದರು. ಹೆಲಿಕಾಪ್ಟರ್ ಇಳಿದಾಗ ಟವೆಲುಗಳೂ ಟೋಪಿಗಳೂ ಹಾರಿಹೋಗಿ, ಶಾಮಿಯಾನ ಕಂಬ ಸಮೇತ ಎದ್ದು, ಎಷ್ಟು ನೀರು ಹೊಡೆದಿದ್ದರೂ ಕೆಂಪು ಧೂಳು ಎಲ್ಲರ ಹಲ್ಲಿಗೆ ಸಿಕ್ಕುತ್ತಿತ್ತು. ಮಕ್ಕಳಿಗೆ ಅದು ಹಬ್ಬ. ಬಯಲಿನ ಅಂಚಿನ ಹೊಲದಲ್ಲಿ ಆಲೂಗೆಡ್ಡೆ ಹಾಕಿದ್ದವನಿಗೆ ಮಾತ್ರ ಹಾಗಿರಲಿಲ್ಲ. ಜನ ನುಗ್ಗಿ ತುಳಿದ ಸಾಲುಗಳ ನಡುವೆ ಮಾರನೆಯ ದಿನ ಅವನೂ ಅವನ ಹೆಂಡತಿಯೂ ಮಣ್ಣು ಏರುಹಾಕುತ್ತಿದ್ದುದನ್ನು ಶಾಲೆಗೆ ಹೋಗುವ ದಾರಿಯಲ್ಲಿ ಲೇಖಕ ಕಂಡದ್ದುಂಟು. ಕಂಡೂ ಅಂದು ಅದು ಮನಸ್ಸಿಗೆ ತಟ್ಟಲಿಲ್ಲ. ಹೆಲಿಕಾಪ್ಟರು ನಿಂತಿದ್ದ ಜಾಗದಲ್ಲಿ ಬಿದ್ದ ಎಣ್ಣೆಯ ಕಲೆಯನ್ನು ಹುಡುಕುವುದೇ ಆಗ ದೊಡ್ಡ ಕೆಲಸವಾಗಿತ್ತು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ಎಚ್. ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದ ಮೇಲೆ ಹೆಲಿಕಾಪ್ಟರ್ ಆ ತಾಲ್ಲೂಕಿಗೆ ಹೊಸತಾಗಿ ಉಳಿಯಲಿಲ್ಲ.

ಹಾಸನದ ಆಕಾಶದ ಕಥೆಗೆ ಇನ್ನೊಂದು ಮಗ್ಗುಲಿದೆ. 1982ರಲ್ಲಿ ಇನ್ಸಾಟ್-1ಎ ಉಪಗ್ರಹದ ಉಡಾವಣೆಯೊಂದಿಗೆ ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ ಕೆಲಸಕ್ಕೆ ತೊಡಗಿತು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಸುತ್ತುತ್ತ ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ತೋರುವ ಭೂಸ್ಥಿರ ಉಪಗ್ರಹಗಳನ್ನು ಅಲ್ಲಿಂದ ನಿಯಂತ್ರಿಸುತ್ತಾರೆ. ಜನ 'ಛತ್ರಿ' ಎಂದು ಕರೆದ ದೊಡ್ಡ ದೊಡ್ಡ ಆಂಟೆನಾಗಳು ವಿಮಾನಗಳನ್ನು ಹಿಡಿಯುವುದಕ್ಕೆ ಇಟ್ಟವೆಂದು ಆ ಕಾಲದ ಮಕ್ಕಳು ಬಲವಾಗಿ ನಂಬಿದ್ದರು. ವಿಮಾನವೊಂದು ಇಳಿಯಲು ಒಂದು ಪಟ್ಟೆ ನೆಲವಿಲ್ಲದ ಜಿಲ್ಲಾಕೇಂದ್ರ ದೇಶದ ದೂರದರ್ಶನದ, ಹವಾಮಾನ ಚಿತ್ರಗಳ ಉಪಗ್ರಹಗಳನ್ನು ತನ್ನ ಅಂಗೈಯಲ್ಲಿ ನಡೆಸುತ್ತಿದ್ದ ವಿಚಿತ್ರ ಆಗ ಯಾರ ಗಮನಕ್ಕೂ ಬಂದಂತಿಲ್ಲ.

ನಿಲ್ದಾಣವಿಲ್ಲದ ಈ ಜಿಲ್ಲೆಯೇ ದೇಶದ ವಿಮಾನಯಾನದ ರೀತಿಯನ್ನು ಬದಲಿಸಿದ ಮನುಷ್ಯನನ್ನು ಕೊಟ್ಟಿತು. ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಇಲ್ಲಿನ ಗೊರೂರಿನವರು. ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಕುಟುಂಬದ ಜಮೀನು ಮುಳುಗಿದ ಮೇಲೆ, ಸೈನ್ಯದ ಕೆಲಸ ಬಿಟ್ಟು ಬಂದಿದ್ದ ಅವರು ಪರಿಹಾರವಾಗಿ ದೊರೆತ ಜಾವಗಲ್ ಬಳಿಯ ಭೂಮಿಯಲ್ಲಿ ಬೇಸಾಯಕ್ಕಿಳಿದರು. ಬಳಿಕ ಹೆಲಿಕಾಪ್ಟರ್ ಸೇವೆಯ ಡೆಕ್ಕನ್ ಏವಿಯೇಷನ್, 2003ರಲ್ಲಿ ಅಗ್ಗದ ದರದ ಏರ್ ಡೆಕ್ಕನ್ ಕಟ್ಟಿ, ಒಂದು ರೂಪಾಯಿಗೂ ಟಿಕೆಟ್ ಮಾರಿ, ಹುಬ್ಬಳ್ಳಿ, ಮಂಗಳೂರುಗಳಂಥ ಊರುಗಳಿಗೆ ಸಣ್ಣ ಎಟಿಆರ್ ವಿಮಾನಗಳನ್ನು ಹಾರಿಸಿದರು. ಫ್ಯಾನಿನ ಆ ವಿಮಾನಗಳು ಜೆಟ್ಟಿಗಿಂತ ತಗ್ಗಿನಲ್ಲಿ, ನಿಧಾನವಾಗಿ ಹೋಗುವಂಥವು. ಮಿಲ್ಟ್ರಿ ತಾತ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು, ಇಲ್ಲವಾದರೆ ಬಹುಕಾಲ ಉಪಯೋಗಕ್ಕೆ ಬಾರದಿದ್ದ ಒಂದು ಗೇಣಿನ ಪಾಠವನ್ನು ಮತ್ತೆ ಹೇಳಿಕೊಡಬಹುದಿತ್ತು. ಮುಳುಗಡೆಯ ಊರಿನವರೊಬ್ಬರು ಹೊಲದಲ್ಲಿ ದುಡಿಯುವವರನ್ನೂ ವಿಮಾನ ಹತ್ತಿಸಬೇಕೆಂದು ಹೊರಟದ್ದು ಕಾಕತಾಳೀಯವಲ್ಲವೆಂದು ಲೇಖಕನ ಅನಿಸಿಕೆ. ತನ್ನ ಮೇಲಿನಿಂದ ಎಲ್ಲವೂ ಹಾದುಹೋಗುವ ಸೀಮೆಯಲ್ಲಿ ಬೆಳೆದವರಿಗೆ ಅಂಥ ಹಟ ಬರುವುದು ಸಹಜ. ಆ ಕಂಪನಿ ಉಳಿಯಲಿಲ್ಲ, 2008ರಲ್ಲಿ ಕಿಂಗ್‌ಫಿಷರ್ ಜೊತೆ ಸೇರಿಹೋಯಿತು. ಅದು ತೆರೆದ ದಾರಿಯಲ್ಲಿ ಮಾತ್ರ ಮೊದಲ ಬಾರಿ ವಿಮಾನ ಹತ್ತಿದವರು ಈ ಸೀಮೆಯ ತಾಲ್ಲೂಕುಗಳಲ್ಲೆಲ್ಲ ಇದ್ದಾರೆ.

ಲೇಖಕನ ಅಜ್ಜಿ ವಿಮಾನ ಕಂಡಾಗಲೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಅದ್ರೊಳ್ಗೆ ಕೂತಿರೋರ್ಗೆ ನಮ್ಮೂರು ಕಾಣ್ತದೇನಪ್ಪ?" ಕಾಣುತ್ತದೆ ಎಂದು ಮಕ್ಕಳು ಹೇಳುತ್ತಿದ್ದರು, ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ವಿಮಾನದ ಎಡಬದಿಯ ಕಿಟಕಿಯಲ್ಲಿ ಕುಳಿತ ಲೇಖಕ ಅದನ್ನು ಪರೀಕ್ಷಿಸಿದ. ತಿಳಿಯಾದ ಬೆಳಗಿನಲ್ಲಿ ಮೊದಲು ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟಗಳ ಕಪ್ಪು ಹಸಿರು, ಅದರ ನಡುವೆ ಒಂದರ ಹಿಂದೊಂದು ಹೊಳೆಯುವ ಕೆರೆಗಳು, ಆಮೇಲೆ ಗೊರೂರಿನ ಹಿನ್ನೀರಿನ ಹರಿದ ಅಂಚು ಕಂಡವು. ಹಿನ್ನೀರಿನಿಂದ ಲೆಕ್ಕ ಹಾಕಿ ಊರಿರಬೇಕಾದ ಜಾಗವನ್ನು ಗುರುತಿಸಬಹುದಿತ್ತು, ಊರನ್ನು ಗುರುತಿಸಲಾಗಲಿಲ್ಲ. ಮೇಲು ಕೇರಿ, ಕೆಳಗಿನ ಕೇರಿ ಎಂಬ ಗಡಿಯಂತೂ ಅಷ್ಟೆತ್ತರದಿಂದ ಎಲ್ಲಿಯೂ ಇರಲಿಲ್ಲ. ಪಕ್ಕದ ಸೀಟಿನವರು ಕಿಟಕಿಯ ಪರದೆ ಎಳೆಯಿರಿ, ಬಿಸಿಲು ಬೀಳುತ್ತದೆ ಎಂದರು.

ಬೂವನಹಳ್ಳಿಯ ನಿಲ್ದಾಣಕ್ಕೆ 2007ರಲ್ಲೇ ಶಂಕುಸ್ಥಾಪನೆಯಾಗಿತ್ತು. ಖಾಸಗಿ ಸಹಭಾಗಿತ್ವದ ಆ ಯೋಜನೆ ಮುಂದೆ ಸಾಗದೆ, 2021ರಲ್ಲಿ ರಾಜ್ಯ ಸರ್ಕಾರದ ಹಣದಲ್ಲಿ ಕೆಲಸ ಮರಳಿ ಶುರುವಾಗುವವರೆಗೆ ಕಳೆದ ಕಾಲದಲ್ಲಿ ಒಂದು ಮಗು ಹುಟ್ಟಿ ಪಿಯುಸಿಗೆ ಸಮೀಪಿಸುತ್ತದೆ. ಅಷ್ಟರೊಳಗೆ 2019ರ ನವೆಂಬರಿನಲ್ಲಿ ಕಲಬುರಗಿಯ ನಿಲ್ದಾಣ ತೆರೆದಿತ್ತು, ಆಮೇಲೆ 2023ರ ಫೆಬ್ರುವರಿಯಲ್ಲಿ 3.2 ಕಿಲೋಮೀಟರ್ ಉದ್ದದ ರನ್‌ವೇ ಇರುವ ಶಿವಮೊಗ್ಗದ ನಿಲ್ದಾಣವೂ ಉದ್ಘಾಟನೆಯಾಯಿತು. ಸಣ್ಣ ಊರುಗಳ ನಿಲ್ದಾಣಗಳು ಕಟ್ಟಿದ ಮೇಲೂ ವಿಮಾನಗಳಿಗಾಗಿ ಕಾಯುವುದನ್ನು ರಾಜ್ಯ ಕಂಡಿದೆ, ಹಾಗಾಗಿ ಹಾಸನದಿಂದ ದಿನವೂ ಎಷ್ಟು ವಿಮಾನ ಹಾರಬಹುದೆಂಬ ಅಂದಾಜಿನ ಮಾತುಗಳಿಗೆ ಇಲ್ಲಿ ಕೈಹಾಕುವುದಿಲ್ಲ. ಹೊಲ ಬಿಟ್ಟುಕೊಟ್ಟವರ ಮನೆಗಳಲ್ಲಿ ಆ ನೆಲ ಇನ್ನೂ ಆಲೂಗೆಡ್ಡೆಯ, ರಾಗಿಯ ಹೊಲವೆಂದೇ ಮಾತಿನಲ್ಲಿ ಬರುತ್ತದೆಂಬುದನ್ನು ಬಾಲ್ಯದ ಹೆಲಿಪ್ಯಾಡಿನ ಅಂಚನ್ನು ಕಂಡವರು ಈಗಲಾದರೂ ಗಮನಿಸಬೇಕು.

ನೋಡುವ ರೀತಿಯೂ ಬದಲಾಗಿದೆ. ಇಂದಿನ ವಿಮಾನ ತಾನಿರುವ ಜಾಗ, ಎತ್ತರ, ವೇಗ, ಗುರುತುಗಳನ್ನು ರೇಡಿಯೊ ಮೂಲಕ ತಾನೇ ಸಾರುತ್ತ ಹೋಗುತ್ತದೆ. ಹವ್ಯಾಸಿಗಳು ಮನೆಯ ಮೇಲೆ ಇಟ್ಟುಕೊಂಡ ಸಣ್ಣ ಗ್ರಾಹಕಗಳು ಅದನ್ನು ಹಿಡಿದು ಕಳುಹಿಸುವುದರಿಂದ ಫ್ಲೈಟ್‌ರಾಡಾರ್24ರಂಥ ಆ್ಯಪ್‌ಗಳು ನಡೆಯುತ್ತವೆ. ಹೊಳೆನರಸೀಪುರದ ಹುಡುಗಿಯೊಬ್ಬಳು ಫೋನನ್ನು ನೋಡಿ, ಇದು ಚೆನ್ನೈನಿಂದ ದುಬೈಗೆ, ಮೂವತ್ತಾರು ಸಾವಿರ ಅಡಿಯಲ್ಲಿ ಎಂದು ಹೇಳಬಲ್ಲಳು. ಅವಳು ಯಾರ ಜಗಲಿಯನ್ನೂ ಹತ್ತಬೇಕಾಗಿಲ್ಲ, ಯಾರ ಪುಸ್ತಕದಲ್ಲೂ ಹೆಸರು ಬರೆಸಬೇಕಾಗಿಲ್ಲ. ಗೇಣಿನ ವಿದ್ಯೆ ಇದರಿಂದ ಮರೆಯಾದರೆ ಲೇಖಕನಿಗೆ ದುಃಖವಾಗುತ್ತದೆ, ಆದರೆ ಆ ವಿದ್ಯೆ ಹಂಚಿಕೆಯಾದ ಬಗೆ ಮರೆಯಾಗುವುದರಲ್ಲಿ ದುಃಖಪಡುವಂಥದ್ದೇನೂ ಇಲ್ಲ.

ಭಾರತದಲ್ಲಿ ನಿಲ್ದಾಣದ ಬೇಲಿಯ ಬಳಿ ನಿಂತು ನೋಡುವವರನ್ನು ಬಹುಕಾಲ ಅನುಮಾನದಿಂದಲೇ ಕಂಡಿದ್ದಾರೆ. 1937ರ ವಿಮಾನ ನಿಯಮಗಳ 13ನೆಯ ನಿಯಮ ಅನುಮತಿಯಿಲ್ಲದೆ ಸರ್ಕಾರಿ ನಿಲ್ದಾಣದಲ್ಲಿ ಫೋಟೊ ತೆಗೆಯುವುದನ್ನೇ ನಿಷೇಧಿಸಿತ್ತು. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ 2008ರ ಮೇ ತಿಂಗಳಲ್ಲಿ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋಗುವವರೆಗೂ, ಊರಿನಿಂದ ಯಾರನ್ನಾದರೂ ಬೀಳ್ಕೊಡಲು ಹೋದ ಹಾಸನದವರು ಕಾಂಪೌಂಡಿನ ಆಚೆ ರಸ್ತೆಬದಿಯಲ್ಲಿ ನಿಂತೇ ವಿಮಾನ ಏರುವುದನ್ನು ನೋಡಿ ಬಸ್ಸು ಹಿಡಿಯುತ್ತಿದ್ದರು. ಬೂವನಹಳ್ಳಿಯಲ್ಲಿ ಹಾಗಾಗಬೇಕಿಲ್ಲ. ಬೇಲಿಯ ಹೊರಗೆ, ರನ್‌ವೇ ಕಾಣುವ ಕಡೆ, ಭದ್ರತೆಗೆ ಅಡ್ಡಿಯಾಗದಷ್ಟು ದೂರದಲ್ಲಿ ಮಣ್ಣಿನ ಒಂದು ಎತ್ತರದ ದಿಬ್ಬ ಹಾಕಿಸಿ, ನಾಲ್ಕು ಕಲ್ಲುಬೆಂಚು, ನೆರಳಿಗೆ ಹೊಂಗೆ ಮರ, ಕುಡಿಯುವ ನೀರಿನ ನಲ್ಲಿ ಇಟ್ಟರೆ ಖರ್ಚು ಹೆಚ್ಚೇನೂ ಆಗದು. ಅಲ್ಲಿಗೆ ಟಿಕೆಟ್ಟೂ ಪಾಸೂ ಇರಬಾರದು, ಮತ್ತು ಅದನ್ನು ತೆರೆಯುವ ದಿನ ಮೊದಲು ಹತ್ತಿ ನಿಲ್ಲುವವರು ಆ ನೆಲ ಕೊಟ್ಟ ಮನೆಗಳ ಮಕ್ಕಳಾಗಿರಬೇಕು.